ಸಭಾಂಗಣದ ಬೀಗದ ಕೈ ಯಾರ ಹತ್ತಿರ?

ಉಡುಪಿ ಕಡೆಯ ಓದುಗರೊಬ್ಬರು, ಹೆಸರು ಹಾಕಬೇಡಿ ಎಂದು ಕೇಳಿಕೊಂಡು, ಬರೆದಿದ್ದಾರೆ: 'ನಮ್ಮ ಚರ್ಚಿನ ಬಾಗಿಲು ಭಾನುವಾರ ಎರಡು ಗಂಟೆ ತೆರೆದರೆ ಮುಗಿಯಿತು. ಪಕ್ಕದ ಸಭಾಂಗಣ ಮದುವೆ ಊಟಕ್ಕೆ ಬಾಡಿಗೆಗಿದೆ, ಉಳಿದ ದಿನ ಬೀಗ. ಪರೀಕ್ಷೆ ಹತ್ತಿರವಾಗಿದೆ, ಸುತ್ತಲಿನ ಮಕ್ಕಳು ಯಾವ ಮತದವರೇ ಆಗಲಿ ಸಂಜೆ ಅಲ್ಲಿ ಕೂತು ಓದಲಿ ಎಂದು ನಮ್ಮ ಯುವಜನ ಸಂಘ ಕೇಳಿತು. ದೇವರ ಮನೆ ಇರುವುದು ಪ್ರಾರ್ಥನೆಗೆ ಎಂದರು ಹಿರಿಯರು. ಯೇಸು ವ್ಯಾಪಾರಿಗಳನ್ನು ಆಲಯದಿಂದ ಓಡಿಸಿದ್ದನ್ನೂ ನೆನಪಿಸಿದರು. ಯಾರು ಸರಿ?'

ಯುವಜನರು ಸರಿ. ಹಿರಿಯರ ಅಂಜಿಕೆ ಪೂರಾ ಪೊಳ್ಳೇನಲ್ಲ, ಅದಕ್ಕೆ ಆಮೇಲೆ ಬರುತ್ತೇನೆ. ಆದರೆ ಅವರು ಎತ್ತಿಕೊಂಡ ಬೈಬಲ್ ವಚನ ಅವರ ಪರವಾಗಿ ಸಾಕ್ಷಿ ಹೇಳುವುದಿಲ್ಲ. ಹಣ ಬದಲಿಸುವವರ ಮೇಜು, ಪಾರಿವಾಳ ಮಾರುವವರ ಪೀಠ ಇದ್ದದ್ದು ಜೆರೂಸಲೇಮಿನ ಆಲಯದ ಹೊರ ಅಂಗಳದಲ್ಲಿ. ಯೆಹೂದ್ಯರಲ್ಲದವರು ಬಂದು ನಿಲ್ಲಬಹುದಾಗಿದ್ದ ಜಾಗ ಅದೊಂದೇ. ಯೇಸು ಅಲ್ಲಿ ನೆನೆದದ್ದು ಪ್ರವಾದಿ ಯೆಶಾಯನ ಗ್ರಂಥದ 56ನೇ ಅಧ್ಯಾಯವನ್ನು: ಈ ಆಲಯ ಎಲ್ಲ ಜನಾಂಗಗಳಿಗೂ ಪ್ರಾರ್ಥನಾಲಯ. ಹೊರಗಿನವರ ಪಾಲಿನ ಅಂಗಳವನ್ನು ಒಳಗಿನವರು ವ್ಯವಹಾರಕ್ಕೆ ನುಂಗಿಕೊಂಡರಲ್ಲ, ಆ ಸಿಟ್ಟು ಅದು ಎಂದೇ ನಾನು ಓದಿಕೊಂಡಿದ್ದೇನೆ. ಬಿರಿಯಾನಿ ಊಟಕ್ಕೆ ಸಿಗುವ ಸಭಾಂಗಣ ಎಸ್ಸೆಸ್ಸೆಲ್ಸಿ ಹುಡುಗಿಗೆ ಸಿಗದಿದ್ದರೆ ಆ ವಚನ ಯಾರನ್ನು ಗದರಿಸುತ್ತದೆ? ಹಿರಿಯರನ್ನೇ ಕೇಳಿ. ಜಗಳದ ದನಿಯಲ್ಲಿ ಬೇಡ.

ನಮ್ಮ ಕರಾವಳಿಗೆ ಇದು ಹೊಸದೂ ಅಲ್ಲ. 1834ರಲ್ಲಿ ಸ್ವಿಟ್ಜರ್ಲೆಂಡಿನಿಂದ ಮಂಗಳೂರಿಗೆ ಬಂದ ಬಾಸೆಲ್ ಮಿಶನ್‌ನವರು ಪ್ರಾರ್ಥನೆಯ ಜೊತೆಜೊತೆಗೇ ಶಾಲೆ ತೆರೆದರು, ಅಚ್ಚುಕೂಟ ಹಾಕಿದರು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಹೊರಟದ್ದು ಮಿಶನರಿ ಮೋಗ್ಲಿಂಗರ ಕೈಯಿಂದ. ನಿಮ್ಮ ಉಡುಪಿಯಲ್ಲೇ 1923ರಲ್ಲಿ ಡಾ. ಈವಾ ಲೊಂಬಾರ್ಡ್ ಶುರುಮಾಡಿದ ಮಿಶನ್ ಆಸ್ಪತ್ರೆ ಎಲ್ಲ ಮತದವರಿಗೂ ಆಸ್ಪತ್ರೆಯೇ ಆಗಿತ್ತು.

ಆರಾಧನೆ ನಡೆಯುವ ಕಟ್ಟಡದೊಳಗೇ ಇಂಥದ್ದು ಸಾಧ್ಯವೇ ಎಂದರೆ, ಲಂಡನ್ನಿನ ಟ್ರಫಾಲ್ಗರ್ ಚೌಕದ ಅಂಚಿನಲ್ಲಿರುವ ಸೇಂಟ್ ಮಾರ್ಟಿನ್ ಇನ್ ದ ಫೀಲ್ಡ್ಸ್ ಚರ್ಚನ್ನು ನೋಡಬೇಕು. 1914ರಲ್ಲಿ ಅಲ್ಲಿಗೆ ಸಭಾಪಾಲಕರಾಗಿ ಬಂದ ಡಿಕ್ ಶೆಪರ್ಡ್, ಹತ್ತಿರದ ಚೇರಿಂಗ್ ಕ್ರಾಸ್ ನಿಲ್ದಾಣದಿಂದ ಯುದ್ಧಕ್ಕೆ ಹೋಗಿಬರುತ್ತಿದ್ದ ಸೈನಿಕರಿಗೆ ಚರ್ಚಿನ ಬಾಗಿಲು ತೆರೆದಿಟ್ಟರು. ಸೈನಿಕರ ಹಿಂದೆ ಮನೆಯಿಲ್ಲದವರು ಬಂದರು. ಎರಡನೇ ಮಹಾಯುದ್ಧದಲ್ಲಿ ನೆಲಮಾಳಿಗೆ ಬಾಂಬ್ ದಾಳಿಯಿಂದ ತಲೆ ಉಳಿಸಿಕೊಳ್ಳುವ ತಾಣವಾಯಿತು. ಒಂದು ಕಾಲಕ್ಕೆ ಸತ್ತವರನ್ನು ಹೂಳುತ್ತಿದ್ದ ಅದೇ ನೆಲಮಾಳಿಗೆಯಲ್ಲಿ ಈಗ ಕೆಫೆ ಇದೆ. ಸಮಾಧಿ ಕಲ್ಲುಗಳ ಮೇಲೆ ಕುರ್ಚಿ ಹಾಕಿಕೊಂಡು ಜನ ಸೂಪು ಕುಡಿಯುತ್ತಾರೆ, ನಮ್ಮವರು ಕೇಳಿದರೆ ಎದೆ ಹಿಡಿದುಕೊಂಡಾರು! ಕೆಫೆಯ, ಸಂಗೀತ ಕಛೇರಿಗಳ ಗಳಿಕೆ ಚರ್ಚಿನ ಖರ್ಚಿಗೆ ಆಗುತ್ತದೆ. ಮೇಲೆ ಆರಾಧನೆ ನಿಂತಿಲ್ಲ.

ಇನ್ನು ಅಂಜಿಕೆ. ಮಕ್ಕಳನ್ನು ಕರೆದರೆ 'ಮತಾಂತರ' ಎಂಬ ಕೂಗು ಏಳುತ್ತದೆಂದು ಹಿರಿಯರು ಬಾಯಿಬಿಟ್ಟು ಹೇಳದಿದ್ದರೂ ಒಳಗೊಳಗೆ ಹೆದರಿರುತ್ತಾರೆ. ಕರ್ನಾಟಕದ 2022ರ ಮತಾಂತರ ತಡೆ ಕಾಯ್ದೆ ಧಾರ್ಮಿಕ ಸಂಸ್ಥೆಯ ಶಾಲೆಯ ಉಚಿತ ಶಿಕ್ಷಣವನ್ನೂ ಆಮಿಷದ ಪಟ್ಟಿಗೆ ಸೇರಿಸಿತ್ತು. ಅದನ್ನು ಹಿಂಪಡೆಯಲು ರಾಜ್ಯ ಸಂಪುಟ 2023ರ ಜೂನ್‌ನಲ್ಲಿ ತೀರ್ಮಾನಿಸಿದ್ದು ನಿಜ, ಆದರೆ ಊರಿನ ಅನುಮಾನ ಸಂಪುಟದ ತೀರ್ಮಾನಕ್ಕೆ ಕಾಯುವುದಿಲ್ಲ. ಹಾಗಾಗಿ ನೀವು ಕೊಡುತ್ತಿರುವುದು ಜಾಗ, ಬೆಳಕು, ಬೆಂಚು. ಅಷ್ಟೇ ಎಂಬುದು ಎಲ್ಲರಿಗೂ ಕಾಣಬೇಕು. ಓದುವ ಹೊತ್ತಿಗೆ ಕರಪತ್ರ ಬೇಡ, ಹಾಡು ಬೇಡ, ಕೊನೆಯಲ್ಲೊಂದು ಪುಟ್ಟ ಪ್ರಾರ್ಥನೆಯೂ ಬೇಡ. ಕೆಲವು ಓದುಗರಿಗೆ ಇದು ವಿಶ್ವಾಸದ ಸಾಕ್ಷಿ ಬಚ್ಚಿಟ್ಟಂತೆ ತೋರಬಹುದು. ಗಾಳ ಕಟ್ಟಿದ ಉಪಕಾರ ಉಪಕಾರವಲ್ಲ ಎಂಬುದು ನನ್ನ ನಿಲುವು. ಹತ್ತಿರದ ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯರನ್ನೂ ಪಂಚಾಯಿತಿ ಸದಸ್ಯರನ್ನೂ ಮೊದಲೇ ಕರೆದು ತೋರಿಸಿ. ಪೋಷಕರ ಸಹಿ ಪಡೆಯಿರಿ. ಯಾವಾಗಲೂ ಇಬ್ಬರು ದೊಡ್ಡವರು ಇರಲಿ, ಅವರಲ್ಲಿ ಒಬ್ಬರು ಸ್ತ್ರೀ ಸಂಘದವರು.

ಬಾಗಿಲು ತೆರೆದ ಮೇಲೆ ಬೇರೆಯವರೂ ಕೇಳಿಕೊಂಡು ಬರುತ್ತಾರೆ. ರಕ್ತದಾನ ಶಿಬಿರ, ಕಣ್ಣಿನ ತಪಾಸಣೆ, ಸ್ವಸಹಾಯ ಸಂಘದ ಸಭೆ, ಧಾರಾಳವಾಗಿ ಕೊಡಿ. ಚುನಾವಣೆ ಹೊತ್ತಿಗೆ ಪಕ್ಷದವರು ಬಂದರೆ ಕೈಮುಗಿದು ಕಳಿಸಿ, ಧಾರ್ಮಿಕ ಸಂಸ್ಥೆಯ ಆವರಣವನ್ನು ರಾಜಕೀಯಕ್ಕೆ ಬಳಸುವುದನ್ನು 1988ರ ಕೇಂದ್ರ ಕಾಯ್ದೆ ತಡೆದಿದೆ. ದೀರ್ಘ ಕಾಲದ ಗುತ್ತಿಗೆ ಕೇಳುವವರಿಗೆ ಚರ್ಚ್ ಕಮಿಟಿ ತಾನೇ ಒಪ್ಪಿಕೊಳ್ಳುವಂತಿಲ್ಲ. ಸಿಎಸ್‌ಐ (ದಕ್ಷಿಣ ಭಾರತ ಸಭೆ) ಚರ್ಚಾದರೆ ಆಸ್ತಿ ಅದರ ಟ್ರಸ್ಟ್ ಅಸೋಸಿಯೇಷನ್ನಿನದು.

ಸಭಾಂಗಣದಿಂದಲೇ ಶುರುಮಾಡಿ, ವೇದಿಯಿರುವ ಆಲಯವನ್ನು ಸದ್ಯಕ್ಕೆ ಮುಟ್ಟಬೇಡಿ. ವಾರಕ್ಕೆ ಎರಡು ಸಂಜೆ, ಪರೀಕ್ಷೆ ಮುಗಿಯುವವರೆಗೆ ಎಂದು ಅವಧಿ ಹಾಕಿ ಕೇಳಿದರೆ ಕಮಿಟಿಗೆ ಒಪ್ಪುವುದು ಸುಲಭ. ಕರೆಂಟು ಬಿಲ್ಲನ್ನು ಯುವಜನ ಸಂಘವೇ ಹೊರುತ್ತೇವೆ ಎಂದರೆ ಅರ್ಧ ವಿರೋಧ ಅಲ್ಲೇ ಕರಗುತ್ತದೆ. ಬೀಗದ ಕೈ ಹಿರಿಯರಲ್ಲೊಬ್ಬರ ಹತ್ತಿರವೇ ಇರಲಿ, ಅವರೇ ಬಂದು ತೆರೆಯಲಿ, ಮಕ್ಕಳನ್ನು ಕಣ್ಣಾರೆ ನೋಡಲಿ. ಮತ್ತೆ, ಸಭಾಂಗಣದ ಹಿಂದಿನ ಶೌಚಾಲಯವನ್ನು ಮೊದಲ ದಿನಕ್ಕೆ ಮುಂಚೆಯೇ ತೊಳೆಸಿ, ನೀರು ಬರುತ್ತದೆಯೇ ನೋಡಿ. ಅದಿಲ್ಲದಿದ್ದರೆ ಹೆಣ್ಣುಮಕ್ಕಳು ಎರಡನೇ ದಿನ ಬರುವುದಿಲ್ಲ.