ಮಂಡಿ ಕೈಕೊಟ್ಟರೂ ಐರ್ಲೆಂಡ್‌ನ ಫುಟ್‌ಬಾಲ್ ಡಿಫೆಂಡರ್ ಪಾಲ್ ಮೆಕ್‌ಗ್ರಾತ್ ಅಷ್ಟು ವರ್ಷ ಆಡಿದ್ದು ಹೇಗೆ?

ಓಟ ಕಡಿಮೆ, ಅಂದಾಜು ಜಾಸ್ತಿ. ಚೆಂಡು ಎಲ್ಲಿ ಬೀಳುತ್ತದೆಂದು ಮೊದಲೇ ಊಹಿಸಿ ಅಲ್ಲಿ ನಿಂತಿರುತ್ತಿದ್ದರು; ಹಾಗಾಗಿ ನೆಲದ ಮೇಲೆ ಜಾರಿಕೊಂಡು ಹೋಗಿ ಎದುರಾಳಿಯ ಚೆಂಡು ತಡೆಯುವ ಪ್ರಮೇಯ ಅಪರೂಪ.

1982ರಲ್ಲಿ ಡಬ್ಲಿನ್‌ನ ಸೇಂಟ್ ಪ್ಯಾಟ್ರಿಕ್ಸ್ ಅಥ್ಲೆಟಿಕ್‌ನಿಂದ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಬಂದು 1985ರಲ್ಲಿ ಇಂಗ್ಲೆಂಡ್‌ನ ನಾಕೌಟ್ ಟೂರ್ನಿ ಎಫ್‌ಎ ಕಪ್ ಗೆದ್ದರು. ಮಂಡಿಯ ಸರಣಿ ಶಸ್ತ್ರಚಿಕಿತ್ಸೆ, ಕುಡಿತ ಎರಡೂ ಸೇರಿ 1989ರಲ್ಲಿ ಅವರನ್ನು ಇನ್ನೊಂದು ಇಂಗ್ಲಿಷ್ ಕ್ಲಬ್ ಆ್ಯಸ್ಟನ್ ವಿಲ್ಲಾಗೆ ಮಾರಲಾಯಿತು. ಅಲ್ಲಿ ವಾರವಿಡೀ ಮೈದಾನದ ತಾಲೀಮು ಹೆಚ್ಚುಕಮ್ಮಿ ಇಲ್ಲ. ವ್ಯಾಯಾಮದ ಸೈಕಲ್ ತುಳಿದು ಮಂಡಿಯ ಮೇಲಿನ ಭಾರ ಉಳಿಸಿ, ನೇರ ಪಂದ್ಯಕ್ಕೇ ಇಳಿಯುತ್ತಿದ್ದರು. 1993ರಲ್ಲಿ ಇಂಗ್ಲೆಂಡ್‌ನ ವೃತ್ತಿಪರ ಆಟಗಾರರೇ ಮತ ಹಾಕಿ ವರ್ಷದ ಆಟಗಾರನೆಂದು ಆರಿಸಿದರು. ಅವರನ್ನು ಮಾರಲು ಯುನೈಟೆಡ್ ಅವಸರಪಟ್ಟಿತು ಅನ್ನಲೇಬೇಕು. 1994, 1996ರಲ್ಲಿ ವಿಲ್ಲಾ ಜೊತೆ ಇಂಗ್ಲೆಂಡ್‌ನ ಇನ್ನೊಂದು ನಾಕೌಟ್ ಟೂರ್ನಿ ಲೀಗ್ ಕಪ್ ಕೂಡ ಬಂತು.

ಐರ್ಲೆಂಡ್‌ಗೆ 83 ಪಂದ್ಯ, 8 ಗೋಲು. ಆ ತಂಡದ ಮ್ಯಾನೇಜರ್ ಜ್ಯಾಕ್ ಚಾರ್ಲ್‌ಟನ್ ಅವರನ್ನು ಹಲವು ಬಾರಿ ಮಿಡ್‌ಫೀಲ್ಡ್‌ನಲ್ಲೂ ಆಡಿಸಿದ್ದರು. ಆದರೆ ನೋಡಲೇಬೇಕಾದ್ದು 1994ರ ವಿಶ್ವಕಪ್‌ನಲ್ಲಿ ಇಟಲಿಯನ್ನು 1-0ರಿಂದ ಸೋಲಿಸಿದ ಪಂದ್ಯ: 34ರ ವಯಸ್ಸಿನಲ್ಲಿ ಇಟಲಿಯ ತಾರಾ ಫಾರ್ವರ್ಡ್ ರಾಬರ್ಟೋ ಬಾಜಿಯೋನಂಥವರನ್ನು ಕಟ್ಟಿಹಾಕಿದ್ದರು.