ಎಡ ಬಲ ಸುಲಭ, ಹಿಂದೆ ಮುಂದೆ ಕಷ್ಟ

ಕಣ್ಣು ಮುಚ್ಚಿದ್ದರೂ ಸದ್ದು ಯಾವ ಕಡೆಯಿಂದ ಬಂತು ಅಂತ ಹೇಗೆ ಗೊತ್ತಾಗುತ್ತದೆ, ಒಂದೇ ಕಿವಿ ಸಾಕಲ್ವಾ ಅಂತ ಕೇಳಿದ್ದೀರಿ. ಸಾಕಾಗುವುದಿಲ್ಲ. ಹೋದ ಮಳೆಗಾಲದಲ್ಲಿ ಶೀತವಾಗಿ ನನ್ನ ಎಡಗಿವಿ ಒಂದು ವಾರ ಕಟ್ಟಿಕೊಂಡಿತ್ತು. ಎಡಗಡೆಯಿಂದ ಬಂದ ಜೀಪಿನ ಹಾರನ್ನಿಗೆ ನಾನು ಬಲಕ್ಕೆ ತಿರುಗಿ ನೋಡಿದ್ದೆ, ಡ್ರೈವರ್ ಹತ್ತಿರ ಬೈಸಿಕೊಂಡಿದ್ದೂ ಆಯ್ತು.

ವಿಷಯ ಇಷ್ಟೇ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಬಲಗಡೆ ಕೊಂಬೆ ಮುರಿದರೆ ಬಲಗಿವಿಗೆ ಮೊದಲು ಮುಟ್ಟುತ್ತದೆ, ಎಡಗಿವಿಗೆ ತಲೆ ಬಳಸಿಕೊಂಡು ಹೋಗಬೇಕು. ತೀರಾ ಪಕ್ಕದಿಂದ ಬಂದ ಸದ್ದಿಗೂ ಈ ತಡ 0.6–0.7 ಮಿಲಿಸೆಕೆಂಡ್ ಅಷ್ಟೇ. ಮಿದುಳಿನ ಬುಡದಲ್ಲಿ ಎರಡೂ ಕಿವಿಯ ಸುದ್ದಿ ಬಂದು ಸೇರುವ ಜಾಗವಿದೆ, ಯಾವುದು ಮೊದಲು ಬಂತು ಅಂತ ಅಲ್ಲೇ ತಾಳೆ ನೋಡುತ್ತದೆ. ಒಳ್ಳೆಯ ಕಿವಿಗಳು ಸೆಕೆಂಡಿನ 1 ಲಕ್ಷದಲ್ಲಿ ಒಂದು ಪಾಲಿನಷ್ಟು ತಡವನ್ನೂ ಹಿಡಿಯುತ್ತವೆ.

ನಂಬಿಕೆ ಬರದಿದ್ದರೆ ಒಂದು ಮೀಟರ್ ಸಣ್ಣ ರಬ್ಬರ್ ಪೈಪು ತಗೊಳ್ಳಿ. ಎರಡು ತುದಿಯನ್ನೂ ಕಿವಿಗೆ ಹಿಡಿದು ಪೈಪನ್ನು ಬೆನ್ನ ಹಿಂದೆ ಬಿಡಿ, ಮನೆಯವರಿಗೆ ಪೆನ್ಸಿಲಿನಿಂದ ಮೆಲ್ಲಗೆ ತಟ್ಟಲು ಹೇಳಿ. ಸರಿಯಾಗಿ ನಡುವೆ ತಟ್ಟಿದರೆ ಸದ್ದು ತಲೆಯ ಮಧ್ಯದಲ್ಲಿ ಕೇಳುತ್ತದೆ. ಒಂದೆರಡು ಸೆಂಟಿಮೀಟರ್ ಆಚೆ ತಟ್ಟಿದರೆ ಸಾಕು, ಆ ಕಡೆಗೆ ವಾಲುತ್ತದೆ. ನಮ್ಮ ಮನೆ ಮಕ್ಕಳು ಇದನ್ನೇ ಒಂದು ಸಂಜೆಯೆಲ್ಲ ಆಡಿದರು.

ಆದರೆ ಈ ಲೆಕ್ಕ ನಡೆಯುವುದು ಮುಖ್ಯವಾಗಿ 1500 ಹರ್ಟ್ಜ್ (ಅಂದರೆ ಸೆಕೆಂಡಿಗೆ 1500 ಅಲೆ) ಒಳಗಿನ ದಪ್ಪ ಸದ್ದಿಗೆ. ಕೀರಲು ಸದ್ದಿನ ಅಲೆಗಳು ತೀರಾ ಒತ್ತಾಗಿರುತ್ತವೆ, ಯಾವ ಅಲೆ ಮೊದಲು ಬಂತು ಅಂತ ಗೊಂದಲ. ಅಲ್ಲಿ ತಲೆಯೇ ಅಡ್ಡ ನಿಂತು ಒಂದು ಕಿವಿಗೆ ಸದ್ದು ಕಮ್ಮಿ ಮಾಡುತ್ತದೆ, ಆ ವ್ಯತ್ಯಾಸವೇ ದಿಕ್ಕು ಹೇಳುತ್ತದೆ. ಈ ಎರಡು ದಾರಿಯ ವಿವರಣೆಯನ್ನು 1907ರಲ್ಲಿ ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರೇಲಿ ಕೊಟ್ಟರು. ಎಡೆಬಿಡದೆ ಕಿರ್ರೆನ್ನುವ ಜೀರುಂಡೆ ಯಾವ ಮರದಲ್ಲಿದೆ ಅಂತ ಹುಡುಕಿ ನೋಡಿ, ಕಷ್ಟ ಗೊತ್ತಾಗುತ್ತದೆ.

ನಿಜವಾದ ಪೇಚಾಟ ಹಿಂದೆ–ಮುಂದಿನದು. ನೇರ ಎದುರಿಗಿದ್ದರೂ ನೇರ ಬೆನ್ನ ಹಿಂದಿದ್ದರೂ ತಡ ಸೊನ್ನೆಯೇ ಅಲ್ವಾ? ಹೊರಗಿವಿಯ ಮಡಿಕೆಗಳು ಕೀರಲು ಸದ್ದಿನಲ್ಲಿ ಸ್ವಲ್ಪ ಸುಳಿವು ಕೊಡುತ್ತವೆ, ಆದರೆ ದೂರದಿಂದ ಮರಗಿಡ ದಾಟಿ ಬರುವಷ್ಟರಲ್ಲಿ ಆ ಕೀರಲು ಸದ್ದೇ ಮೊದಲು ಸವೆದು ಹೋಗಿರುತ್ತದೆ. ನಮ್ಮದು ಸಿದ್ದಾಪುರದ ಕಡೆಯ ಕಾಫಿ ತೋಟ. ಒಂದು ಬೆಳಿಗ್ಗೆ ಹತ್ತು ಅಡಿ ಆಚೆ ಕಾಣದಷ್ಟು ಮಂಜು, ಎಲ್ಲೋ ಬೈನೆ ಮರ ಲಟಲಟ ಮುರಿದ ಸದ್ದು. ಆನೆ ಎದುರಿಗಿದೆ ಅಂತ ನಾನು ವಾಪಸ್ ಓಡಲು ಹೊರಟೆ. ತೋಟದ ಕೆಲಸದ ಮೇಲ್ವಿಚಾರಣೆ ನೋಡುವ ರೈಟರ್ ನನ್ನ ತೋಳು ಹಿಡಿದು ನಿಲ್ಲಿಸಿ, ತಲೆಯನ್ನು ಎಡಕ್ಕೆ ಸ್ವಲ್ಪ ತಿರುಗಿಸಿ ಇನ್ನೊಂದು ಸದ್ದಿಗೆ ಕಾದರು. ತಲೆ ಎಡಕ್ಕೆ ತಿರುಗಿದಾಗ ಎದುರಿನ ಸದ್ದು ಬಲಗಿವಿಗೆ ಮೊದಲು ಬರುತ್ತದೆ, ಹಿಂದಿನದು ಎಡಗಿವಿಗೆ. ಅವರಿಗೆ ಈ ಲೆಕ್ಕವೆಲ್ಲ ಬೇಕಿರಲಿಲ್ಲ. "ಹಿಂದೆ ಅಣ್ಣಾ, ಹಿಂದೆ ಇದೆ" ಅಂದರು ಮೆಲ್ಲಗೆ, ಮುಂದಕ್ಕೇ ನಡೆದೆವು.