ಪ್ರತಿಕ್ರಿಯೆ: ಲೇಕ್ ಸಿಟಿಯ ಆಲ್ಪೈನ್ ಲೂಪ್‌ಗೆ ಬಾಡಿಗೆ ಎಸ್‌ಯುವಿ ಸಾಕೇ?

ಡೆನ್ವರ್‌ನಲ್ಲಿ ಬಾಡಿಗೆಗೆ ಪಡೆದ ಆಲ್-ವೀಲ್ ಡ್ರೈವ್ ಎಸ್‌ಯುವಿಯಲ್ಲಿ ಜುಲೈ ಕೊನೆಗೆ ಕೊಲರಾಡೋದ ಹಿನ್ಸ್‌ಡೇಲ್ ಕೌಂಟಿಯ ಲೇಕ್ ಸಿಟಿ ಊರಿನಿಂದ ಹೊರಟು ಸುತ್ತಿ ಬರುವ ಕಚ್ಚಾ ಬೆಟ್ಟದ ರಸ್ತೆ ಆಲ್ಪೈನ್ ಲೂಪ್ ಸುತ್ತಬಹುದೇ ಎಂದು ಕೇಳಿದ್ದೀರಿ. ಬೇಡ. ಸುಮಾರು 65 ಮೈಲಿಯ ಈ ಸುತ್ತಿನಲ್ಲಿ ಸಿನಮನ್ ಪಾಸ್ (ಪಾಸ್ ಎಂದರೆ ಬೆಟ್ಟಸಾಲು ದಾಟುವ ದಾರಿ) 12,600 ಅಡಿ ದಾಟುತ್ತದೆ, ಎಂಜಿನಿಯರ್ ಪಾಸ್ 12,800 ಅಡಿ. ತೊಡಕು ಬರೀ ಹತ್ತುವುದರಲ್ಲಲ್ಲ, ಇಳಿಯುವುದರಲ್ಲಿ. ಲೋ-ರೇಂಜ್ ಗೇರ್ (ಇಳಿಜಾರಿನಲ್ಲಿ ಎಂಜಿನ್ನೇ ಗಾಡಿಯನ್ನು ನಿಧಾನಕ್ಕೆ ಹಿಡಿದಿಡುವ ಗೇರ್) ಇಲ್ಲದ ಗಾಡಿಯಲ್ಲಿ ಬ್ರೇಕ್ ಮೇಲೇ ಕಾಲಿಟ್ಟು ಇಳಿಯಬೇಕಾಗುತ್ತದೆ, ಪ್ಯಾಡ್ ಕಾದು ವಾಸನೆ ಬರುತ್ತದೆ, ಆಮೇಲೆ ಹಿಡಿತವೇ ತಪ್ಪುತ್ತದೆ. ಚೂಪು ಕಲ್ಲಿಗೆ ಟೈರಿನ ಪಕ್ಕೆ ಹರಿದರೆ ತೂತು ಮುಚ್ಚುವ ಪ್ಲಗ್ ಕಿಟ್ ಕೆಲಸಕ್ಕೆ ಬಾರದು. ಬಾಡಿಗೆ ಕರಾರುಗಳಲ್ಲಿ ಡಾಂಬರು ಬಿಟ್ಟ ರಸ್ತೆಗೆ ಸಾಮಾನ್ಯವಾಗಿ ಅನುಮತಿ ಇರುವುದಿಲ್ಲ. ಸಹಿ ಹಾಕುವ ಮುಂಚೆ ಓದಿ.

ಲೇಕ್ ಸಿಟಿಯಲ್ಲೇ ಒಂದು ದಿನಕ್ಕೆ ಜೀಪ್ ತೆಗೆದುಕೊಳ್ಳಿ. ಟ್ಯಾಂಕ್ ತುಂಬಿಸಿ, ಬೆಳಿಗ್ಗೆ ಬೇಗ ಹೊರಟು ಸುಲಭವಾದ ಸಿನಮನ್ ಕಡೆಯಿಂದ ಶುರುಮಾಡಿ. ಕಿರಿದಾದ ಕಡೆ ಹತ್ತುವ ಗಾಡಿಗೆ ಮೊದಲ ಹಕ್ಕು, ಇಳಿಯುವವರೇ ಹಿಂದೆ ಸರಿಯಬೇಕು. ಜುಲೈನಲ್ಲಿ ಮಧ್ಯಾಹ್ನದ ಗುಡುಗು-ಸಿಡಿಲು ಮಾಮೂಲು, ಮೇಲೆ ಮರದ ಆಸರೆಯೂ ಇಲ್ಲ. ಹನ್ನೆರಡರೊಳಗೆ ಪಾಸ್‌ಗಳಿಂದ ಇಳಿದುಬಿಡಿ. ಊರೇ 8,600 ಅಡಿ ಮೇಲಿದೆ, ಹಿಂದಿನ ರಾತ್ರಿ ಅಲ್ಲೇ ಮಲಗಿದರೆ ಎತ್ತರದಿಂದ ಬರುವ ತಲೆನೋವು ಕಡಿಮೆ.

ನಿಮ್ಮ ಎಸ್‌ಯುವಿಗೆ ಲೇಕ್ ಸಿಟಿ ಮೂಲಕ ಹೋಗುವ ಡಾಂಬರು ಹೆದ್ದಾರಿ 149 ಸಾಕು. ಸ್ಲಮ್‌ಗಲಿಯನ್ ಮಣ್ಣುಕುಸಿತ ಅಲ್ಲಿಂದಲೇ ಕಾಣುತ್ತದೆ: ಸುಮಾರು 700 ವರ್ಷಗಳ ಹಿಂದೆ ಜಾರಿ ನದಿಗೆ ಅಡ್ಡಬಿದ್ದು ಸ್ಯಾನ್ ಕ್ರಿಸ್ಟೋಬಲ್ ಕೆರೆಯನ್ನು ಮಾಡಿದ್ದು ಇದೇ. ಅದರ ಒಂದು ಭಾಗ ಈಗಲೂ ಜಾರುತ್ತಿದೆ. ಅಲ್ಲಿನ ಮರಗಳು ಒಂದೊಂದು ದಿಕ್ಕಿಗೆ ವಾಲಿ ನಿಂತಿವೆ. ನನ್ನ ಮಟ್ಟಿಗೆ ಪಾಸ್‌ಗಳಿಗಿಂತ ಇದೇ ನೋಡಬೇಕಾದದ್ದು.